ಎಸೆದವನೇ ಎತ್ತಲಿ

ಉಪಗ್ರಹವೊಂದು ಮೇಲೇರಿದ ದಿನ ನಾವು ಮಿಠಾಯಿ ಹಂಚುತ್ತೇವೆ. ಶಾಲೆಯ ಮಕ್ಕಳನ್ನು ಟೀವಿಯ ಮುಂದೆ ಸಾಲಾಗಿ ಕೂರಿಸಿ ಚಪ್ಪಾಳೆ ತಟ್ಟಿಸುತ್ತೇವೆ. ಅದೇ ಉಪಗ್ರಹ ಐದೋ ಹತ್ತೋ ವರ್ಷ ದುಡಿದು ಸತ್ತ ದಿನ ಪತ್ರಿಕೆಯ ಮೂಲೆಯಲ್ಲೂ ಒಂದು ಸಾಲು ಬರುವುದು ಅಪರೂಪ. ಹೆಣ ಅಲ್ಲೇ ಸುತ್ತುತ್ತಿರುತ್ತದೆ. ಅದನ್ನು ಎತ್ತುವವರು ಯಾರು? ನಮ್ಮ ಹಳ್ಳಿಗಳಲ್ಲಿ ದನ ಸತ್ತಾಗ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತಿತ್ತು. ಹಾಲು ಕರೆದುಕೊಂಡವನು ಒಬ್ಬ, ಹೆಣ ಎಳೆಯಬೇಕಾದವನು ಇನ್ನೊಬ್ಬ. ಎಳೆಯುವ ಕೆಲಸವನ್ನು ಯಾವ ಕೇರಿಯ ತಲೆಗೆ ಕಟ್ಟಿದ್ದೆವು ಎಂಬುದನ್ನು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಲಸು ಮಾಡುವ ಹಕ್ಕು ಒಬ್ಬರಿಗೆ, ಬಳಿಯುವ ಕರ್ಮ ಮತ್ತೊಬ್ಬರಿಗೆ ಎಂಬ ಆ ಹಳೆಯ ಕಟ್ಟಳೆಯನ್ನೇ ಮನುಷ್ಯ ಈಗ ಆಕಾಶಕ್ಕೂ ಏರಿಸಿದ್ದಾನೆ. ನನ್ನ ತಕರಾರು ಇರುವುದು ಇಲ್ಲಿ.

ಸಾಹಿತ್ಯದ ವಾರ್ಷಿಕ ಸಂಚಿಕೆಯಲ್ಲಿ ಕಸದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಮತ್ತಿಗಿರಿಯಲ್ಲಿ ಬದುಕುವವನಿಗೆ ಕಸದ ಮಾತು ಪರಕೀಯವಲ್ಲ. ನಮ್ಮ ಹೊಸೂರಿನ ಮಗ್ಗುಲಲ್ಲೇ ಕೆಲವರಪಳ್ಳಿ ಜಲಾಶಯವಿದೆ. ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವದ ಅಂಚನ್ನು ಹಾದು, ಬೆಳ್ಳಂದೂರು ವರ್ತೂರು ಕೆರೆಗಳಿಂದ ಹರಿದು ಬಂದದ್ದನ್ನೂ ಒಡಲಲ್ಲಿ ತುಂಬಿಕೊಂಡು, ರಾಜ್ಯದ ಗಡಿ ದಾಟಿ ಅಲ್ಲಿಗೆ ಬರುತ್ತಾಳೆ. ಮಳೆ ಬಿದ್ದು ಅಣೆಕಟ್ಟಿನ ಬಾಗಿಲು ತೆರೆದಾಗ ನೊರೆ ಗುಡ್ಡೆಗುಡ್ಡೆಯಾಗಿ ಏಳುತ್ತದೆ. ಆ ನೊರೆಗೆ ಕನ್ನಡ ಬರುವುದಿಲ್ಲ, ತಮಿಳು ಬರುವುದಿಲ್ಲ. ಮೇಲಿನ ಊರು ಬಚ್ಚಲಿಗೆ ಬಿಟ್ಟದ್ದನ್ನು ಕೆಳಗಿನ ಊರು ಗದ್ದೆಗೆ ಹಾಯಿಸಿಕೊಳ್ಳಬೇಕು. ಗಡಿಯಲ್ಲಿ ಬದುಕುವ ನಮಗೆ, ಹೊಸೂರಿನವರಾಗಲಿ ಕಾಸರಗೋಡಿನವರಾಗಲಿ, ಒಂದು ಸಂಗತಿ ಚೆನ್ನಾಗಿ ಗೊತ್ತು: ನಕ್ಷೆಯ ಮೇಲಿನ ಗೆರೆ ಮನುಷ್ಯರನ್ನು ತಡೆದು ನಿಲ್ಲಿಸುತ್ತದೆ, ಕಸವನ್ನು ನಿಲ್ಲಿಸುವುದಿಲ್ಲ.

ಆಕಾಶ ಬಹಳ ದೂರ ಎಂಬುದೂ ಒಂದು ಭ್ರಮೆ. ಮತ್ತಿಗಿರಿಯಿಂದ ಕಾಸರಗೋಡಿಗೆ ರಸ್ತೆಯಲ್ಲಿ ಎಷ್ಟು ದೂರವೋ ಸುಮಾರು ಅಷ್ಟೇ ದೂರ, ಅಂದರೆ 400 ಕಿಲೋಮೀಟರು, ನೆಟ್ಟಗೆ ಮೇಲಕ್ಕೆ ಹೋದರೆ ಗಗನಯಾತ್ರಿಗಳು ವಾಸವಾಗಿರುವ ಅಂತರರಾಷ್ಟ್ರೀಯ ನಿಲ್ದಾಣ ಸಿಗುತ್ತದೆ. ಅದಕ್ಕೂ ಮೇಲೆ, 500ರಿಂದ 1,000 ಕಿಲೋಮೀಟರಿನೊಳಗೆ, ಕಸದ ಸಂತೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2025ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಭೂಮಿಯ ಸುತ್ತ ಒಂದು ಸೆಂಟಿಮೀಟರಿಗಿಂತ ದೊಡ್ಡ ಚೂರುಗಳು 12 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಹತ್ತು ಸೆಂಟಿಮೀಟರಿಗಿಂತ ದೊಡ್ಡವು 50,000ಕ್ಕೂ ಹೆಚ್ಚು. ಸತ್ತ ಉಪಗ್ರಹಗಳು, ಬರಿದಾದ ರಾಕೆಟ್ ಹಂತಗಳು, ಬೋಲ್ಟುಗಳು, ಬಣ್ಣದ ಚಕ್ಕೆಗಳು, ಒಡೆದುಹೋದವುಗಳ ಚೂರುಗಳು. ಇವು ಸೆಕೆಂಡಿಗೆ ಏಳೂವರೆ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತವೆ. ಆ ವೇಗದಲ್ಲಿ ಗೋಲಿಯಷ್ಟು ದೊಡ್ಡ ಲೋಹದ ತುಂಡು ತಾಗಿದರೆ ಉಪಗ್ರಹದ ಕತೆ ಮುಗಿಯಿತು. ಹತ್ತು ಸೆಂಟಿಮೀಟರಿನವುಗಳನ್ನು ರಾಡಾರು ನೋಡಿ ಪಟ್ಟಿ ಮಾಡುತ್ತದೆ. ಗೋಲಿಯಷ್ಟಿರುವವುಗಳಲ್ಲಿ ಹೆಚ್ಚಿನವನ್ನು ಯಾರೂ ನೋಡಿಲ್ಲ.

ಮೇಲೆ ಹೋದದ್ದು ಕೆಳಗೆ ಬರಲೇಬೇಕಲ್ಲ ಎನ್ನುವವರಿಗೆ ಒಂದು ಮಾತು. ಬರುತ್ತದೆ, ಆದರೆ ಗಾಳಿ ಇದ್ದರೆ ಮಾತ್ರ. 300 ಕಿಲೋಮೀಟರಿನಲ್ಲಿ ತೆಳುವಾದ ಗಾಳಿಯ ಉಜ್ಜಾಟ ಇನ್ನೂ ಇರುವುದರಿಂದ ವಸ್ತು ಕೆಲವು ವಾರ, ತಿಂಗಳುಗಳಲ್ಲಿ ಇಳಿದು ಸುಟ್ಟುಹೋಗುತ್ತದೆ. 600ರಲ್ಲಿ ವರ್ಷಗಳು, ದಶಕಗಳು ಹಿಡಿಯುತ್ತವೆ. 800 ದಾಟಿದರೆ ಶತಮಾನಗಳು. ದೂರಸಂಪರ್ಕದ ಉಪಗ್ರಹಗಳಿರುವ 36,000 ಕಿಲೋಮೀಟರಿನಲ್ಲಿ ಇಳಿಯುವ ಪ್ರಶ್ನೆಯೇ ಇಲ್ಲ. ಸತ್ತವುಗಳನ್ನು ಇನ್ನೂ ಸ್ವಲ್ಪ ಮೇಲಕ್ಕೆ ದಬ್ಬಿ ಅದಕ್ಕೆ ಸ್ಮಶಾನ ಕಕ್ಷೆ ಎಂದು ಹೆಸರಿಟ್ಟಿದ್ದಾರೆ. ಚೂರು ಉಪಗ್ರಹಕ್ಕೆ ಬಡಿದು ಇನ್ನಷ್ಟು ಚೂರಾಗಿ, ಆ ಚೂರುಗಳು ಇನ್ನೊಂದಕ್ಕೆ ಬಡಿದು, ಕಸವೇ ಕಸವನ್ನು ಹೆರುವ ಕಾಲ ಬರುತ್ತದೆಂದು ಅಮೆರಿಕದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್‌ಪಲೇ 1978ರಲ್ಲಿಯೇ ಲೆಕ್ಕ ಹಾಕಿ ತೋರಿಸಿದರು. ಎಚ್ಚರಿಕೆ ಬಂದು ನಾಲ್ಕು ದಶಕ ಮೀರಿದೆ.

ಆ ನಾಲ್ಕು ದಶಕಗಳಲ್ಲಿ ದೊಡ್ಡವರು ಮಾಡಿದ್ದೇನು? 2007ರ ಜನವರಿಯಲ್ಲಿ ಚೀನಾ ತನ್ನದೇ ಹವಾಮಾನ ಉಪಗ್ರಹವನ್ನು ಸುಮಾರು 860 ಕಿಲೋಮೀಟರು ಎತ್ತರದಲ್ಲಿ ಕ್ಷಿಪಣಿ ಹೊಡೆದು ಪುಡಿ ಮಾಡಿತು. ಪತ್ತೆಯಾದ ಚೂರುಗಳೇ 3,000 ಮೀರಿದವು. 2009ರ ಫೆಬ್ರವರಿ 10ರಂದು ರಷ್ಯದ ಸತ್ತ ಕಾಸ್ಮಾಸ್ 2251 ಮತ್ತು ಅಮೆರಿಕದ ದುಡಿಯುತ್ತಿದ್ದ ಇರಿಡಿಯಂ 33 ಎದುರುಬದುರಾಗಿ ಎರಡೂ ನುಚ್ಚುನೂರಾದವು. 2021ರ ನವೆಂಬರಿನಲ್ಲಿ ರಷ್ಯ ತನ್ನ ಹಳೆಯ ಉಪಗ್ರಹವನ್ನು ಹೊಡೆದುರುಳಿಸಿದಾಗ ನಿಲ್ದಾಣದಲ್ಲಿದ್ದ ಗಗನಯಾತ್ರಿಗಳು, ರಷ್ಯದವರೂ ಸೇರಿ, ತಮ್ಮ ನೌಕೆಗಳೊಳಗೆ ನುಗ್ಗಿ ಜೀವ ಹಿಡಿದುಕೊಂಡು ಕೂರಬೇಕಾಯಿತು. ತಾನು ಎಸೆದ ಕಲ್ಲು ತನ್ನ ಮನೆಯ ಹೆಂಚಿಗೇ ಬಿತ್ತು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಈ ಲೇಖನ ಎಲ್ಲರಿಗೂ ಪ್ರಿಯವಾಗುತ್ತಿತ್ತು. ಅನ್ಯರ ಅಂಗಳದ ಕಸ ಎಣಿಸುವುದು ಸುಖದ ಕೆಲಸ. ಆದರೆ ಮೊದಲು ನಮ್ಮ ಅಂಗಳ ನೋಡೋಣ.

ಭಾರತದ ಗಗನಯಾನದ ಕತೆ ಈ ಸಂಚಿಕೆಯ ಎರಡು ಭಾಷೆಗಳ ನಾಡುಗಳಲ್ಲಿ ಬೆಳೆದ ಕತೆ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ಟು ಹಾರಿತು. ಅಲ್ಲಿಯ ಮೀನುಗಾರರ ಇಗರ್ಜಿಯೇ ವಿಜ್ಞಾನಿಗಳ ಕಾರ್ಯಾಲಯವಾಗಿತ್ತು. ಮೊದಲ ಉಪಗ್ರಹ ಆರ್ಯಭಟ, ಉಡುಪಿಯ ಕಡೆಯ ಯು. ಆರ್. ರಾಯರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ರೂಪುಗೊಂಡು 1975ರಲ್ಲಿ ರಷ್ಯದ ನೆಲದಿಂದ ಮೇಲೇರಿತು. ಇಂದಿಗೂ ರಾಕೆಟ್ಟಿನ ಮನೆ ತಿರುವನಂತಪುರ, ಉಪಗ್ರಹದ ಮನೆ ಬೆಂಗಳೂರು. ನಮ್ಮ ತಮಿಳುನಾಡಿನ ಪಾಲೂ ಇದೆ: ಎಂಜಿನ್ನುಗಳನ್ನು ಉರಿಸಿ ಪರೀಕ್ಷಿಸುವುದು ಮಹೇಂದ್ರಗಿರಿಯಲ್ಲಿ. ಯಶಸ್ಸಿನ ಹೊತ್ತಿನಲ್ಲಿ ರಾಕೆಟ್ಟು ನಮ್ಮದು ಎಂದು ಮಲಯಾಳಿ, ಉಪಗ್ರಹ ನಮ್ಮದು ಎಂದು ಕನ್ನಡಿಗ ಬೀಗುವುದು ಸಹಜ. ಬೀಗಲಿ. ಆದರೆ ಕಸ ಯಾರದು ಎಂದು ಕೇಳಿದರೆ ಇಬ್ಬರೂ ದೆಹಲಿಯ ಕಡೆ ಕೈ ತೋರಿಸುವಂತಾಗಬಾರದು.

2001ರ ಅಕ್ಟೋಬರ್ 22ರಂದು ಶ್ರೀಹರಿಕೋಟೆಯಿಂದ ಪಿಎಸ್‌ಎಲ್‌ವಿ-ಸಿ3 ಹಾರಿತು. ನಮ್ಮ ಒಂದು ಉಪಗ್ರಹ, ಜರ್ಮನಿಯ ಒಂದು, ಯುರೋಪಿನವರ ಪ್ರೋಬಾ-1 ಎಂಬ ಪುಟ್ಟದೊಂದು, ಮೂರನ್ನೂ ಸರಿಯಾಗಿ ಕಕ್ಷೆಗೆ ಮುಟ್ಟಿಸಿತು. ಎಲ್ಲೆಲ್ಲೂ ಅಭಿನಂದನೆ. ಎರಡು ತಿಂಗಳೂ ಕಳೆದಿರಲಿಲ್ಲ, ಡಿಸೆಂಬರ್ 19ರಂದು ಮೇಲೆಯೇ ಉಳಿದಿದ್ದ ಅದರ ನಾಲ್ಕನೆಯ ಹಂತ ಸಿಡಿದುಹೋಯಿತು. ಇಸ್ರೋ ಕೊಟ್ಟ ಲೆಕ್ಕದ ಪ್ರಕಾರವೇ 371 ಚೂರುಗಳು. ಅವುಗಳಲ್ಲಿ ಹೆಚ್ಚಿನವು ಇಳಿದು ಸುಟ್ಟುಹೋದವು. ಆದರೆ ಎರಡು ದಶಕಗಳ ನಂತರವೂ ಕೆಲವು ಸುತ್ತುತ್ತಲೇ ಇದ್ದವು. ಕೆಲಸ ಮುಗಿಸಿದ ಹಂತದಲ್ಲಿ ಉಳಿದ ಇಂಧನವನ್ನು ಬರಿದು ಮಾಡುವ ಪದ್ಧತಿ ಇಸ್ರೋದಲ್ಲಿ ನೆಲೆಯೂರಿದ್ದು ಆ ಅನುಭವದ ನಂತರ. ಕಲಿತರು, ಸಂತೋಷ.

2019ರ ಮಾರ್ಚ್ 27ರದ್ದು ಬೇರೆ ಮಾತು. ಅದು ಅಪಘಾತವಲ್ಲ. ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಎರಡು ತಿಂಗಳ ಹಿಂದಷ್ಟೇ ಹಾರಿಸಿದ್ದ ನಮ್ಮದೇ ಉಪಗ್ರಹವನ್ನು ನಾವೇ ಕ್ಷಿಪಣಿಯಿಂದ ಒಡೆದೆವು. ಮಿಷನ್ ಶಕ್ತಿ ಎಂದು ಹೆಸರಿಟ್ಟೆವು. ಎತ್ತರ ಸುಮಾರು 300 ಕಿಲೋಮೀಟರು ಮಾತ್ರ, ನಲವತ್ತೈದು ದಿನಗಳಲ್ಲಿ ಎಲ್ಲವೂ ಬಿದ್ದುಹೋಗುತ್ತದೆ ಎಂದು ರಕ್ಷಣಾ ಸಂಶೋಧನೆಯ ಹಿರಿಯರು ಭರವಸೆ ಕೊಟ್ಟರು. ಕಡಿಮೆ ಎತ್ತರವನ್ನು ಆರಿಸಿದ್ದು ವಿವೇಕವೇ, ಚೀನಾ ಮಾಡಿದ್ದಕ್ಕಿಂತ ನೂರು ಪಾಲು ಮೇಲು. ಆದರೆ ಹೊಡೆತಕ್ಕೆ ಚೂರುಗಳು ಕೆಳಕ್ಕೆ ಮಾತ್ರ ಹಾರುತ್ತವೆಯೇ? ಹೊಡೆದ ಐದೇ ದಿನಗಳಲ್ಲಿ ನಾಸಾದ ಮುಖ್ಯಸ್ಥರು 24 ಚೂರುಗಳು ನಿಲ್ದಾಣಕ್ಕಿಂತ ಮೇಲಕ್ಕೆ ಹೋಗಿವೆ ಎಂದು ದೂರಿದರು. ಪಟ್ಟಿಯಲ್ಲಿದ್ದ ಕೊನೆಯ ಚೂರು ಇಳಿದದ್ದು 2022ರಲ್ಲಿ. ನಲವತ್ತೈದು ದಿನ ಎಂದದ್ದು ಮೂರು ವರ್ಷವಾಯಿತು. ಆ ಮೂರು ವರ್ಷ ಯಾರಿಗೂ ಏನೂ ಆಗಲಿಲ್ಲ ಎಂಬುದು ನಮ್ಮ ಅದೃಷ್ಟ. ಅದೃಷ್ಟವನ್ನು ನೀತಿ ಎಂದು ಕರೆಯಲಾಗದು. ಅದೇ 2022ರ ಡಿಸೆಂಬರಿನಲ್ಲಿ ಇಂತಹ ಪರೀಕ್ಷೆಗಳನ್ನು ಕೈಬಿಡಬೇಕೆಂಬ ನಿರ್ಣಯ ವಿಶ್ವಸಂಸ್ಥೆಯ ಮುಂದೆ ಬಂದಾಗ 150ಕ್ಕೂ ಹೆಚ್ಚು ದೇಶಗಳು ಹೌದೆಂದವು. ಭಾರತ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮತ ಹಾಕದೆ ಕುಳಿತಿತು.

ನಾನು ಇಸ್ರೋವನ್ನು ಹಳಿಯಲು ಹೊರಟವನಲ್ಲ. ಒಳ್ಳೆಯದನ್ನು ಒಳ್ಳೆಯದೆನ್ನಲು ನಾಲಿಗೆ ಹಿಂಜರಿಯಬಾರದು. ಮೇಘಾ ಟ್ರಾಪಿಕ್ಸ್ ಎಂಬ ಸಾವಿರ ಕಿಲೋ ತೂಕದ ಉಪಗ್ರಹ ಸುಮ್ಮನೆ ಬಿಟ್ಟಿದ್ದರೆ ನೂರು ವರ್ಷಕ್ಕೂ ಮಿಕ್ಕಿ ಅಲ್ಲೇ ಇರುತ್ತಿತ್ತು. ಬೆಂಗಳೂರಿನ ಎಂಜಿನಿಯರುಗಳು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲೆ ಸುಟ್ಟರು. 2007ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-2 ತಾನಾಗಿ ಇಳಿಯಲು ಮೂವತ್ತು ವರ್ಷ ಬೇಕಿತ್ತು; ಅದನ್ನು ತಗ್ಗಿಸಿ 2024ರ ಫೆಬ್ರವರಿ 14ರಂದು ಹಿಂದೂ ಮಹಾಸಾಗರದ ಮೇಲೆ ಮುಗಿಸಿದರು. ಅದೇ ವರ್ಷ ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತವನ್ನು 650 ಕಿಲೋಮೀಟರಿನಿಂದ 350ಕ್ಕೆ ಇಳಿಸಿ, ಪ್ರಯೋಗಗಳಿಗೆ ದುಡಿಸಿ, ಮಾರ್ಚಿನಲ್ಲಿ ಸಾಗರದ ಪಾಲು ಮಾಡಿದರು. ಆರ್ಯಭಟ ಹುಟ್ಟಿದ ಅದೇ ಪೀಣ್ಯದಲ್ಲಿ ಈಗ ಕಸದ ಮೇಲೆ ಕಣ್ಣಿಡುವ ಕೇಂದ್ರವಿದೆ. 2024ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ನಾನಾ ದೇಶಗಳ ಸಂಸ್ಥೆಗಳ ಎದುರು, 2030ರ ಹೊತ್ತಿಗೆ ಭಾರತದ ಸರ್ಕಾರಿ, ಖಾಸಗಿ ಯಾನಗಳೆಲ್ಲವೂ ಕಸರಹಿತವಾಗುತ್ತವೆ ಎಂದು ಇಸ್ರೋ ಘೋಷಿಸಿತು.

ಆದರೆ ಒಂದನ್ನು ಗಮನಿಸಿ. ಮೇಘಾ ಟ್ರಾಪಿಕ್ಸನ್ನು ಹೀಗೆ ಹತೋಟಿಯಲ್ಲಿ ಇಳಿಸಲೆಂದು ಕಟ್ಟಿರಲಿಲ್ಲ. ಹೊಟ್ಟೆಯಲ್ಲಿ ಸುಮಾರು 125 ಕಿಲೋ ಇಂಧನ ಮಿಕ್ಕಿದ್ದರಿಂದ ಸಾಧ್ಯವಾಯಿತು. ಮಿಕ್ಕದಿದ್ದರೆ? ಘೋಷಣೆಯನ್ನು ಪಾಲಿಸದಿದ್ದರೆ ದಂಡವೆಷ್ಟು, ಕಟ್ಟುವವರು ಯಾರು? ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು 2017ರಲ್ಲಿ ಹೊರಬಂತು. ಅದು ಕಾಯ್ದೆಯಾಗುವ ಮುಂಚೆಯೇ 2020ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು, 2023ರಲ್ಲಿ ನೀತಿ ಬಂತು. ನೀತಿ ಎಂಬುದು ಸಜ್ಜನರಿಗೆ ಸಾಕು. ಕಾನೂನು ಬೇಕಾಗುವುದು ಉಳಿದವರಿಗೆ.

ಇಷ್ಟಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಆಕಾಶ ವಿಶಾಲ, ಇಷ್ಟು ಚೂರು ಯಾವ ಲೆಕ್ಕ ಎಂಬುದು. ಭೂಮಿಯೂ ವಿಶಾಲವೇ. ಆದರೂ ಹೊಸೂರಿನ ಬಸ್ ನಿಲ್ದಾಣದ ಮುಂದೆ ಸಂಜೆ ಗಾಡಿಗಳು ಅಲುಗಾಡದೆ ನಿಲ್ಲುತ್ತವೆ, ಏಕೆಂದರೆ ಎಲ್ಲರಿಗೂ ಅದೇ ದಾರಿ ಬೇಕು. ಉಪಗ್ರಹಗಳಿಗೂ ಕೆಲವೇ ಅನುಕೂಲದ ಎತ್ತರಗಳಿವೆ. ಒಂದೇ ಅಮೆರಿಕನ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹಗಳು 2025ರ ಹೊತ್ತಿಗೆ 7,000 ದಾಟಿದ್ದವು. ಡಿಕ್ಕಿ ತಪ್ಪಿಸಲು ಇಸ್ರೋ ತನ್ನ ಉಪಗ್ರಹಗಳನ್ನು 2022ರಲ್ಲಿ 21 ಸಲ, 2023ರಲ್ಲಿ 23 ಸಲ ಪಕ್ಕಕ್ಕೆ ಸರಿಸಬೇಕಾಯಿತು. ಪ್ರತಿ ಸಲವೂ ಇಂಧನ ಖರ್ಚು, ಇಂಧನವೆಂದರೆ ಆಯುಸ್ಸು. ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದ ಚಂದ್ರಯಾನ-3 ಕೂಡ ಇದೇ ಕಾರಣಕ್ಕೆ ನಾಲ್ಕು ಸೆಕೆಂಡು ತಡವಾಗಿ ಹೊರಟಿತು. ಚಂದ್ರನಿಗೆ ಹೋಗುವವನೂ ಕಸ ಹಾದುಹೋಗಲೆಂದು ಬೀದಿಬಾಗಿಲಲ್ಲಿ ನಿಲ್ಲಬೇಕಾದ ಕಾಲ ಇದು.

ಎರಡನೆಯ ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಅಮೆರಿಕ, ರಷ್ಯ, ಚೀನಾಗಳು ಅರ್ಧ ಶತಮಾನ ಸುರಿದು, ಈಗ ನಾವು ಎದ್ದು ನಿಲ್ಲುವಾಗ ಶುಚಿತ್ವದ ಪಾಠ ಹೇಳುತ್ತಿವೆಯಲ್ಲ ಎಂಬುದು. ಸತ್ಯ. ಕಕ್ಷೆಯಲ್ಲಿರುವ ಕಸದ ಸಿಂಹಪಾಲು ಆ ಮೂವರದು. ಹಾಗಾದರೆ ನಮ್ಮ ವಾದ ಏನಾಗಬೇಕು? ಹೆಚ್ಚು ಎಸೆದವನು ಹೆಚ್ಚು ತೆರಲಿ ಎಂದು ಬಿಲ್ಲು ಮುಂದೆ ಮಾಡಬೇಕು. ಅದು ಬಿಟ್ಟು ನಮಗೂ ಎಸೆಯಲು ಸ್ವಲ್ಪ ಅವಕಾಶ ಕೊಡಿ ಎಂದು ಬೇಡುವುದು ಹಸಿದವನ ನ್ಯಾಯವಲ್ಲ, ಜಮೀನ್ದಾರನಾಗಲು ಹಂಬಲಿಸುವವನ ನ್ಯಾಯ. ನಮ್ಮ ಕೈ ಶುದ್ಧವಿದ್ದರೆ ಮಾತ್ರ ಬಿಲ್ಲು ಹಿಡಿದು ನಿಲ್ಲಬಹುದು.

ಮೂರನೆಯದು ಇಂದಿನ ಫ್ಯಾಷನ್ನಿನ ಮಾತು: ತಂತ್ರಜ್ಞಾನ ಬರುತ್ತದೆ, ಗುಡಿಸಿಬಿಡುತ್ತದೆ. ಪ್ರಯೋಗಗಳು ನಡೆದಿರುವುದು ನಿಜ. 2018ರಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರ ಮುಂದಾಳುತನದಲ್ಲಿ ಬಲೆ ಬೀಸಿ ಹಿಡಿಯುವ ಪರೀಕ್ಷೆಯಾಯಿತು. 2024ರಲ್ಲಿ ಜಪಾನಿನ ನೌಕೆಯೊಂದು ಹಳೆಯ ರಾಕೆಟ್ ಹಂತದ ಹತ್ತಿರ ಸುಮಾರು 15 ಮೀಟರಿನವರೆಗೆ ಹೋಗಿ ನೋಡಿ ಬಂತು. ಯುರೋಪಿನವರು 112 ಕಿಲೋದ ಒಂದೇ ಒಂದು ತುಂಡನ್ನು ಹಿಡಿದು ಇಳಿಸಲು 2020ರಲ್ಲಿ ಒಂದು ಸ್ವಿಸ್ ಕಂಪನಿಯೊಂದಿಗೆ 8.6 ಕೋಟಿ ಯೂರೋಗಳ ಒಪ್ಪಂದ ಮಾಡಿಕೊಂಡರು. ಗುಡಿಸಲು ಹೊರಡುವ ಮುಂಚೆಯೇ, 2023ರಲ್ಲಿ, ಆ ತುಂಡಿನ ಸುತ್ತ ಹೊಸ ಚೂರುಗಳು ಕಂಡವು. ಕಣ್ಣಿಗೆ ಬೀಳದ ಯಾವುದೋ ಕಸ ಅದಕ್ಕೆ ಬಡಿದಿರಬೇಕು ಎಂದರು. ಕೊನೆಗೆ ಗುರಿಯನ್ನೇ ಬದಲಿಸಿ ಪ್ರೋಬಾ-1ನ್ನು ಆರಿಸಿದರು. ಹೌದು, 2001ರಲ್ಲಿ ನಮ್ಮ ಪಿಎಸ್‌ಎಲ್‌ವಿ-ಸಿ3 ಹೊತ್ತುಕೊಂಡು ಹೋದ ಅದೇ ಪ್ರೋಬಾ-1. ಪ್ರಯಾಣಿಕನನ್ನು ಮನೆಗೆ ಕರೆತರಲು ಅವರು ಕೋಟಿಗಟ್ಟಲೆ ಎಣಿಸುತ್ತಿದ್ದಾರೆ. ಅವನನ್ನು ಹೊತ್ತು ಒಯ್ದ ನಮ್ಮ ಬಂಡಿಯ ಚೂರುಗಳನ್ನು ಯಾವ ಬಲೆಯೂ ಹಿಡಿಯಲಾರದು. ಇಡಿಯಾಗಿರುವಾಗ ಇಳಿಸಿದರೆ ಒಂದು ಹೆಣ, ಒಡೆದ ಮೇಲೆ ಮುನ್ನೂರೆಪ್ಪತ್ತೊಂದು.

ಸುಟ್ಟರೆ ಎಲ್ಲವೂ ಮುಗಿಯಿತು ಎಂದೂ ಅಲ್ಲ. ಮೇಲಿನ ವಾಯುಮಂಡಲದ ಕಣಗಳಲ್ಲಿ ಹತ್ತರಲ್ಲೊಂದರಷ್ಟರಲ್ಲಿ, ಸುಟ್ಟ ಉಪಗ್ರಹ ರಾಕೆಟ್ಟುಗಳ ಅಲ್ಯೂಮಿನಿಯಂ ಮೊದಲಾದ ಲೋಹಗಳಿರುವುದನ್ನು ಅಮೆರಿಕದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಇಳಿಸುವುದು ಬೇಡವೆಂದು ಇದರ ಅರ್ಥವಲ್ಲ. ಏರಿಸುವಾಗಲೇ ಎಷ್ಟು ಬೇಕು ಎಂದು ಯೋಚಿಸಬೇಕು ಎಂದರ್ಥ.

ಇನ್ನು ಕಾನೂನು. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಮೇಲಿರುವ ವಸ್ತು ಸತ್ತರೂ ಕೆಟ್ಟರೂ ಅದರ ಮೇಲಿನ ಅಧಿಕಾರ ಅದನ್ನು ದಾಖಲಿಸಿಕೊಂಡ ದೇಶದ್ದೇ. ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮುಟ್ಟುವಂತಿಲ್ಲ. ನಾವು 2025ರ ಜನವರಿಯಲ್ಲಿ ಎರಡು ಪುಟ್ಟ ನೌಕೆಗಳನ್ನು ಕಕ್ಷೆಯಲ್ಲೇ ಜೋಡಿಸಿ ತೋರಿಸಿದ್ದೇವೆ. ಆ ವಿದ್ಯೆ ಪಕ್ವವಾದರೂ ಚೀನಾದ ಒಂದು ಬೋಲ್ಟನ್ನು ನಾವು ಎತ್ತುವ ಹಾಗಿಲ್ಲ. ಅಧಿಕಾರ ಇಷ್ಟು ಗಟ್ಟಿ, ಹೊಣೆ ಮಾತ್ರ ಸಡಿಲ. 1972ರ ಹೊಣೆಗಾರಿಕೆ ಒಪ್ಪಂದದಂತೆ ನೆಲದ ಮೇಲೆ ಬಿದ್ದು ನಷ್ಟವಾದರೆ ಕಾರಣ ಕೇಳದೆ ಪರಿಹಾರ ತೆರಬೇಕು. 1978ರಲ್ಲಿ ಅಣು ರಿಯಾಕ್ಟರ್ ಹೊತ್ತಿದ್ದ ರಷ್ಯದ ಕಾಸ್ಮಾಸ್ 954 ಕೆನಡಾದ ಮೇಲೆ ಚೆಲ್ಲಿಕೊಂಡಾಗ, ಕೆನಡಾ 60 ಲಕ್ಷ ಡಾಲರಿಗೂ ಹೆಚ್ಚು ಕೇಳಿ 1981ರಲ್ಲಿ 30 ಲಕ್ಷಕ್ಕೆ ರಾಜಿಯಾಯಿತು. ಕಕ್ಷೆಯಲ್ಲೇ ಡಿಕ್ಕಿಯಾದರೆ ತಪ್ಪು ಯಾರದೆಂದು ಸಾಬೀತು ಮಾಡಬೇಕು. ಸತ್ತ ಉಪಗ್ರಹದ ತಪ್ಪನ್ನು ಸಾಬೀತು ಮಾಡುವುದು ಹೇಗೆ? ಕೆಲಸ ಮುಗಿದ ಮೇಲೆ 25 ವರ್ಷಗಳೊಳಗೆ ಇಳಿಸಿ ಎಂಬುದು 2002ರಿಂದ ಇರುವ ಅಂತರರಾಷ್ಟ್ರೀಯ ಸಲಹೆ, ಸಲಹೆ ಮಾತ್ರ. ಕಕ್ಷೆಯ ಕಸಕ್ಕಾಗಿ ಒಂದು ಕಂಪನಿಗೆ ಅಮೆರಿಕ ಮೊಟ್ಟಮೊದಲು ದಂಡ ಹಾಕಿದ್ದು 2023ರಲ್ಲಿ, ಒಂದೂವರೆ ಲಕ್ಷ ಡಾಲರು. ಉಪಗ್ರಹ ಹಾರಿಸುವವನಿಗೆ ಅದು ಬೀಡಿಕಾಸು.

ನಮ್ಮ ಕಡೆಯ ಕೆರೆಗಳಿಗೆ ನೀರುಗಂಟಿ ಎಂಬವನಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಅವನು ತೀರ್ಮಾನಿಸುತ್ತಿದ್ದ. ನೀರು ಕುಡಿದ ಗದ್ದೆಯವನು ಹೂಳೆತ್ತುವ ದಿನ ಮನೆಯಿಂದ ಆಳು ಕಳಿಸಬೇಕು. ತಮಿಳುಸೀಮೆಯಲ್ಲಿ ಇದಕ್ಕೆ ಕುಡಿಮರಾಮತ್ತು ಎಂದೇ ಹೆಸರು. ಆ ವ್ಯವಸ್ಥೆ ನಿರ್ದೋಷಿಯಾಗಿರಲಿಲ್ಲ. ಅದರಲ್ಲಿಯೂ ಮೇಲುಕೀಳಿತ್ತು. ಆದರೆ ಬಳಸಿದವನೇ ಹೂಳೆತ್ತಬೇಕು ಎಂಬ ಮೂಲಸೂತ್ರ ಸರಿಯಾಗಿತ್ತು. ಆಕಾಶದ ಕೆರೆಗೆ ನೀರುಗಂಟಿಯೂ ಇಲ್ಲ, ಮರಾಮತ್ತೂ ಇಲ್ಲ.

ನಾನು ಕೇಳುವುದು ಮೂರು. ಒಂದು, ಹಾರಿಸುವ ಮುನ್ನ ಠೇವಣಿ. ಅನಿಲದ ಸಿಲಿಂಡರಿಗೆ ನಮ್ಮಂಥವರಿಂದ ಠೇವಣಿ ಕಟ್ಟಿಸಿಕೊಳ್ಳುವ ಸರ್ಕಾರ, ಉಪಗ್ರಹ ಹಾರಿಸುವ ಕಂಪನಿಯಿಂದ ಕಟ್ಟಿಸಿಕೊಳ್ಳಲು ನಾಚಬೇಕಿಲ್ಲ. ಇಳಿಸಿದ ಪುರಾವೆ ತಂದವನಿಗೆ ಹಣ ವಾಪಸು. ತರದವನ ಹಣ ಗುಡಿಸುವ ಕೆಲಸಕ್ಕೆ. ಇದು ನೀತಿಯಲ್ಲಲ್ಲ, ಸಂಸತ್ತಿನ ಕಾಯ್ದೆಯಲ್ಲಿರಬೇಕು, ಇಸ್ರೋಗೂ ಅನ್ವಯಿಸಬೇಕು. ಎರಡು, ಉಪಗ್ರಹ ಒಡೆಯುವ ಪರೀಕ್ಷೆಯನ್ನು ಇನ್ನು ಮಾಡುವುದಿಲ್ಲವೆಂದು ಭಾರತ ಬಾಯಿಬಿಟ್ಟು ಹೇಳಬೇಕು. ಶಕ್ತಿ ಇದೆಯೆಂದು ತೋರಿಸಿಯಾಯಿತು. ಸಂಯಮವೂ ಇದೆಯೆಂದು ತೋರಿಸುವುದು ಬಾಕಿಯಿದೆ. ಮೂರು, ನಮ್ಮ ಸತ್ತ ಉಪಗ್ರಹಗಳೆಷ್ಟು, ರಾಕೆಟ್ ಹಂತಗಳೆಷ್ಟು, ಯಾವುದು ಯಾವಾಗ ಇಳಿಯುತ್ತದೆ ಎಂಬ ಲೆಕ್ಕ ಪ್ರತಿ ವರ್ಷವೂ ಕನ್ನಡದಲ್ಲಿ, ಮಲಯಾಳದಲ್ಲಿ, ತಮಿಳಿನಲ್ಲಿ ನಮ್ಮ ಕೈಗೆ ಬರಬೇಕು. ಏರಿಸಿದ ಸುದ್ದಿಯನ್ನು ಎಲ್ಲ ಭಾಷೆಗಳಲ್ಲೂ ಸಾರುವವರಿಗೆ ಇಳಿಸದ ಸುದ್ದಿಯನ್ನು ಸಾರುವುದು ಕಷ್ಟವಾಗಲಾರದು.

ಆಕಾಶದಲ್ಲಿ ಕೇರಿಯಿಲ್ಲ. ಸತ್ತದ್ದನ್ನು ಎಳೆಯಲು ಯಾರನ್ನೂ ಹುಟ್ಟಿನಿಂದ ನೇಮಿಸುವಂತಿಲ್ಲ. ಹಾಗಾಗಿ ಆ ಕೆಲಸವನ್ನು ನಾವು ಇನ್ನೂ ಹುಟ್ಟದವರ ತಲೆಗೆ ಕಟ್ಟುತ್ತಿದ್ದೇವೆ. 800 ಕಿಲೋಮೀಟರಿನ ಮೇಲೆ ಇಂದು ಬಿಟ್ಟ ಹೆಣವನ್ನು ಮೊಮ್ಮಗನ ಮೊಮ್ಮಗ ನೋಡಿಕೊಳ್ಳಬೇಕು. ಅವನು ಕನ್ನಡ ಮಾತಾಡುತ್ತಾನೋ, ಮಲಯಾಳವೋ, ತಮಿಳೋ ನನಗೆ ತಿಳಿಯದು. ಯಾವ ಭಾಷೆಯಲ್ಲಿ ಬೈದರೂ ಬೈಗುಳ ನಮಗೇ ಮುಟ್ಟುತ್ತದೆ.